ಕಾವಲಿಯ ಪೊರಕೆ

ದಹಿಸರ್
ಮಂಗಳವಾರ, ಮಧ್ಯಾಹ್ನ ಎರಡೂವರೆ

ಪ್ರೀತಿಯ ಹರಿಣಿ,

ಅಮ್ಮನ ಆಶೀರ್ವಾದ. ಬೇಕೋ ಬೇಡವೋ, ಮೊದಲು ಅದನ್ನು ತೆಗೆದುಕೊ. ಬೈಯುವುದಿದ್ದರೆ ಆಮೇಲೆ ಬೈಯಬಹುದು.

ಕವರಿನ ಮೇಲಿನ ಅಕ್ಷರ ನೋಡಿದ ಕೂಡಲೇ ಹರಿದು ಹಾಕಬೇಡ. ನೀನು ನನ್ನನ್ನು ಬ್ಲಾಕ್ ಮಾಡಿ ಇವತ್ತಿಗೆ ಹತ್ತೊಂಬತ್ತು ದಿನ. ವಾಟ್ಸಪ್ಪಿನಲ್ಲೂ ಇಲ್ಲ, ಇನ್‌ಸ್ಟಾಗ್ರಾಮಿನಲ್ಲೂ ಇಲ್ಲ, ಅಪ್ಪನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ತಕ್ಷಣ ಕಟ್. ಚೆಂಬೂರೇನು ಲಂಡನ್ನೇ? ನಾನೇ ಗಾಡಿ ಹತ್ತಿ ಬಂದು ನಿನ್ನ ಪೀಜಿಯ ಬಾಗಿಲು ತಟ್ಟಬಹುದಿತ್ತು. ನೀನು ಬಾಗಿಲು ತೆಗೆಯುವುದಿಲ್ಲ ಎಂಬ ಹೆದರಿಕೆ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ, ತೆಗೆದರೆ ನಿನ್ನ ಮುಖ ನೋಡಿ ಮತ್ತೆ ಸುಳ್ಳು ಹೇಳುತ್ತೇನೆ ಎಂಬುದು. ಅದಕ್ಕೇ ಈ ಕಾಗದ. ಮೂರನೇ ಮಾಳಿಗೆಯ ದೇವಕ್ಕ ಪ್ರತಿ ಬುಧವಾರ ಚೆಂಬೂರಿನ ಮಗನ ಮನೆಗೆ ಹೋಗುತ್ತಾರಲ್ಲ, ನಾಳೆ ಹನ್ನೊಂದಕ್ಕೆ ಬಂದು ಇದನ್ನು ತೆಗೆದುಕೊಂಡು ಹೋಗುತ್ತಾರೆ. ಅಷ್ಟರೊಳಗೆ ನಾನು ಬರೆದು ಮುಗಿಸಬೇಕು.

ನೀನು ಕನ್ನಡ ಓದುವುದು ಸ್ಲೋ ಲೋಕಲ್ ಹಾಗೆ, ಪ್ರತಿ ಸ್ಟೇಷನ್ನಿಗೂ ನಿಂತು ನಿಂತು. ಇರಲಿ. ಭಾನುವಾರಗಳಂದು ನಿನ್ನನ್ನು ಸಂಘದ ಕನ್ನಡ ಕ್ಲಾಸಿಗೆ ಎಳೆದುಕೊಂಡು ಹೋಗಿ ನಿನ್ನ ಶಾಪ ತಿಂದದ್ದು ಇವತ್ತು ಕೆಲಸಕ್ಕೆ ಬಂತು. ನಿಧಾನವಾಗಿಯೇ ಓದು, ಆದರೆ ಕೊನೆಯವರೆಗೆ ಓದು.

ಮುಖ್ಯ ವಿಷಯ ಮೊದಲು. ಅಂಗಾರ ಈ ಶುಕ್ರವಾರ ಊರಿಗೆ ಹೋಗುತ್ತಿದ್ದಾನೆ. ಮಧ್ಯಾಹ್ನ ಕುರ್ಲಾ ಟರ್ಮಿನಸ್ಸಿನಿಂದ ಮಂಗಳೂರಿನ ರೈಲು. ನಮ್ಮ ಹೊಟೇಲಿನ ದೋಸೆ ಕಾವಲಿಯ ಮುಂದೆ ಮೂವತ್ತೊಂದು ವರ್ಷ ನಿಂತವನು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಲವಾಡಿಗೆ ಬಿಟ್ಟು ಬರುತ್ತಿದ್ದವನು. ಮತ್ತೆ ಮುಂಬಯಿಗೆ ಬರುತ್ತಾನೆಂದು ನನಗೆ ಅನ್ನಿಸುವುದಿಲ್ಲ. ಹರಿಣಿಗೆ ತನ್ನಿಂದ ನಾಚಿಕೆಯಾಗಿದೆ, ಅದಕ್ಕೇ ಅದು ಒಂದು ಫೋನ್ ಕೂಡ ಮಾಡಲಿಲ್ಲ ಎಂದು ತಿಳಿದುಕೊಂಡು ಅವನು ಗಾಡಿ ಹತ್ತಲಿದ್ದಾನೆ. ಅದು ನಿಜವಲ್ಲ ಎಂದು ನಿನಗೆ ಗೊತ್ತು, ನನಗೂ ಗೊತ್ತು. ಅವನಿಗೆ ಯಾಕೆ ಗೊತ್ತಿಲ್ಲ ಎಂಬುದನ್ನು ಬರೆಯಲು ನನಗೆ ಸ್ವಲ್ಪ ಧೈರ್ಯ ಬರಬೇಕು.

ಮೊದಲಿನ ವಿಡಿಯೊದಿಂದ ಶುರುಮಾಡುತ್ತೇನೆ. ಅದರಲ್ಲಿ ನಾನು ಮಾಡಿದ್ದು ತಪ್ಪು, ಪಾಪ ಅಲ್ಲ. ಪಾಪ ಆಮೇಲಿನದು.

ನೀನು ಕೆಲಸ ಸಿಕ್ಕಿ ಚೆಂಬೂರಿಗೆ ಹೋದ ಮೇಲೆ ಈ ಮನೆಯಲ್ಲಿ ಉಳಿದದ್ದು ನಾನು ಮತ್ತು ಫ್ರಿಜ್ಜಿನ ಸದ್ದು. ಅಪ್ಪ ಬೆಳಿಗ್ಗೆ ಐದಕ್ಕೆ ಹೊಟೇಲಿಗೆ ಹೋದರೆ ಬರುವುದು ನಾನು ಮಲಗಿದ ಮೇಲೆ. ಅಮ್ಮನಿಗೆ ಹೊತ್ತು ಹೋಗಲಿ ಎಂದು ನೀನೇ ಅಕೌಂಟ್ ಮಾಡಿಕೊಟ್ಟೆ, ‘ಮೋಹಿನಿ ಆಂಟಿ ಕಿಚನ್’ ಎಂದು ನೀನೇ ಹೆಸರಿಟ್ಟೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟೆ ಮಗಳೇ. ಪತ್ರೊಡೆ ಮಾಡಿ ಹಾಕಿದ ದಿನ ನಾಗಪುರದ ಯಾರೋ ಒಬ್ಬಳು, ಆಂಟಿ ನಿಮ್ಮ ಕೈಯಲ್ಲಿ ಜಾದೂ ಇದೆ ಎಂದು ಬರೆದಳು. ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ನಿನ್ನ ಅಪ್ಪನ ಬಾಯಿಂದ ಬಾರದ ಮಾತು. ಅವರಿಗೆ ಬಾಯಿ ಇರುವುದು ನೆನಪಾಗುವುದೇ ಸಾರಿಗೆ ಉಪ್ಪು ಕಡಿಮೆಯಾದಾಗ. ಆ ಒಂದು ಸಾಲನ್ನು ಆ ದಿನ ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮರುದಿನ ಅಂಥ ಇನ್ನೊಂದು ಸಾಲು ಬೇಕಾಯಿತು. ಆಮೇಲೆ ಹತ್ತು ಬೇಕಾಯಿತು. ಬಾರದ ದಿನ ಯಾರೋ ಸತ್ತ ಮನೆಯ ಹಾಗೆ ಕೂತಿರುತ್ತಿದ್ದೆ.

ಆ ಆಸೆಯಲ್ಲೇ ಒಂದು ದಿನ ಹೊಟೇಲಿಗೆ ಹೋಗಿ, ಅಂಗಾರ ಕಾವಲಿ ಒರೆಸುವುದನ್ನು ಫೋನಿನಲ್ಲಿ ವಿಡಿಯೊ ತೆಗೆದೆ. ನಮ್ಮ ಕಾವಲಿಯ ಪೊರಕೆ ನಿನಗೆ ಗೊತ್ತೇ ಇದೆ. ತೆಂಗಿನ ಗರಿಯ ಹೊಸ ಕಡ್ಡಿ, ನೆಲ ಮುಟ್ಟದ ಕಡ್ಡಿ. ಅದನ್ನು ಅವನು ಅರಸಿನದ ನೀರಿನಲ್ಲಿ ಕುದಿಸಿ, ಟೆರೇಸಿನಲ್ಲಿ ಒಣಗಿಸಿ, ಗಿಡ್ಡಕ್ಕೆ ಕತ್ತರಿಸಿ ಕಟ್ಟುತ್ತಾನೆ. ಒಲೆಯ ಮೇಲಿನ ಮೊಳೆಗೇ ಅದರ ಜಾಗ, ಸವೆದ ಮೇಲೂ ನೆಲ ಗುಡಿಸಲು ಯಾರಿಗೂ ಕೊಡುವುದಿಲ್ಲ. ಬಿಸಿ ಕಾವಲಿಗೆ ನೀರು ಚಿಮುಕಿಸಿ, ಚೊಂಯ್ ಎನ್ನುವಾಗ ಅದರಿಂದ ಒಂದು ಸುತ್ತು ಒರೆಸಿದರೆ ಮುಂದಿನ ದೋಸೆ ಅಂಟದೆ ಏಳುತ್ತದೆ. ನಮ್ಮ ಕಡೆಯ ಹೊಟೇಲುಗಳಲ್ಲಿ ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು. ಅದನ್ನು ನೋಡಿ ಅಸಹ್ಯಪಡುವವರಿದ್ದಾರೆ ಎಂಬುದು ನನ್ನ ತಲೆಗೇ ಹೋಗಲಿಲ್ಲ. ನಮಗೆ ಅದು ಪೊರಕೆಯಾಗಿ ಕಂಡದ್ದೇ ಇಲ್ಲವಲ್ಲ! ಅವನ ಕೈ ತಿರುಗುವುದು ಚಂದ ಕಂಡಿತು, ತೆಗೆದೆ. ಹೊಸ ಪೊರಕೆ, ಕುದಿಸಿದ್ದು, ನೆಲಕ್ಕೆ ತಾಗಿಸುವುದಿಲ್ಲ ಎಂದು ಮೊದಲ ಅರ್ಧದಲ್ಲಿ ನಾನೇ ನನ್ನ ಹರಕು ಹಿಂದಿಯಲ್ಲಿ ವಿವರಿಸಿದೆ. ಕೊನೆಯಲ್ಲಿ ಅಂಗಾರ ಹಲ್ಲು ಬಿಟ್ಟು ನಕ್ಕ.

ಯಾರೋ ಪುಣ್ಯಾತ್ಮ ಮೊದಲ ಅರ್ಧ ಕತ್ತರಿಸಿ, ವಾಂತಿಯ ಸದ್ದು ಸೇರಿಸಿ, ಝಾಡೂ ದೋಸಾ, ಅಂದರೆ ಪೊರಕೆ ದೋಸೆ, ಎಂದು ಬರೆದು ಬಿಟ್ಟ. ಎರಡು ದಿನಕ್ಕೆ ಊರೆಲ್ಲ ನೋಡಿಯಾಗಿತ್ತು. ಹೊಟೇಲಿನ ಬೋರ್ಡಿನ ಫೋಟೊ, ನನ್ನ ಫೋಟೊ, ಅಂಗಾರನ ಹಲ್ಲು. ನನ್ನ ಮೂಲ ವಿಡಿಯೊದ ಕೆಳಗೆ ಸಾವಿರಗಟ್ಟಲೆ ಬೈಗುಳ ಬಂತು. ಓದಬೇಡ ಎಂದು ನೀನು ಫೋನಿನಲ್ಲಿ ಎಷ್ಟು ಹೇಳಿದೆ. ನಾನು ಒಂದನ್ನೂ ಬಿಡದೆ ಓದಿದೆ. ಕುಕ್ಕರಿನ ಸೀಟಿಯೂ ಫೋನಿನ ಸದ್ದಿನ ಹಾಗೆಯೇ ಕೇಳಿಸುತ್ತಿತ್ತು. ಸ್ನಾನಕ್ಕೂ ಅದನ್ನು ಒಯ್ದೆ. ಬೆರಳು ನಿಲ್ಲುತ್ತಲೇ ಇರಲಿಲ್ಲ. ಹಲ್ಲುನೋವು ಇದ್ದಾಗ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

ಅದರ ಮೇಲೆ ನನ್ನ ಅಕೌಂಟಿನಲ್ಲಿ ಬಂದದ್ದು ಎರಡನೆಯ ವಿಡಿಯೊ. ಅಂಗಾರ ಎರಡು ಕಿವಿ ಹಿಡಿದುಕೊಂಡು, ತಪ್ಪು ನನ್ನದು, ಇದು ನನ್ನ ಗಲೀಜು ಅಭ್ಯಾಸ, ಮಾಲೀಕರಿಗೆ ಏನೂ ಗೊತ್ತಿರಲಿಲ್ಲ, ಮಾಫ್ ಕರೋ ಎಂದು ಹೇಳಿದ್ದು. ಅದನ್ನು ನೋಡಿಯೇ ನೀನು ಫೋನ್ ಮಾಡಿದ್ದು. ಇದನ್ನು ಅವನ ಬಾಯಿಂದ ಹೇಳಿಸಿದ್ದು ಯಾರು ಎಂದು ಕೇಳಿದೆ. ಯಾರೂ ಅಲ್ಲ, ಹೊಟೇಲಿನ ಮೇಲಿನ ಪ್ರೀತಿಗೆ ಅವನಾಗಿಯೇ ಹೇಳಿದ್ದು ಎಂದೆ. ನೀನು ಒಂದೇ ಮಾತು ಹೇಳಿದೆ, ‘ಸುಳ್ಳು’ ಎಂದು, ಮತ್ತೆ ಇಟ್ಟುಬಿಟ್ಟೆ. ಆ ವಿಷಯಕ್ಕೆ ಬರುತ್ತೇನೆ. ಮೊದಲು ಅಂಗಾರನಿಗೆ ಏನಾಯಿತೆಂದು ಕೇಳು, ನಿನಗೆ ಇದ್ಯಾವುದೂ ಗೊತ್ತಿಲ್ಲ.

ಎರಡನೆಯ ವಿಡಿಯೊ ಆದ ಮೇಲೆ ಹೊಟೇಲಿಗೆ ಜನ ಬಂದರು. ದೋಸೆ ತಿನ್ನಲು ಅಲ್ಲ. ಕಾಂದಿವಲಿಯಿಂದ, ಮೀರಾ ರೋಡಿನಿಂದ ಕಾಲೇಜಿನ ಗುಂಪುಗಳು ಬಂದು, ಫೋನ್ ಎತ್ತಿ ಹಿಡಿದು, ‘ಕಾಕಾ, ಏಕ್ ಬಾರ್ ಕಾನ್ ಪಕಡೋ ನಾ’ ಎನ್ನುವುದು. ಅವನು ಏನು ಮಾಡಬೇಕು ಹೇಳು? ಅವರಿಗೆ ಸೌಟು ತೋರಿಸಿ ಓಡಿಸಬೇಕಿತ್ತು. ಇವನು ಸೌಟು ಕೆಳಗಿಟ್ಟು ಕಿವಿ ಹಿಡಿಯುತ್ತಿದ್ದ. ಪ್ರತಿ ಸಲ ಹಿಡಿಯುತ್ತಿದ್ದ. ಹಿಡಿದರೆ ಹೊಟೇಲಿಗೆ ಒಳ್ಳೆಯದಾಗುತ್ತದೆ ಎಂದು ಯಾರೋ ಅವನಿಗೆ ಹೇಳಿದ್ದರು. ದೋಸೆ ಕಾವಲಿಯ ಮೇಲೆ ಸೀಯುತ್ತಿತ್ತು. ಅಪ್ಪ ಕೌಂಟರಿನಿಂದ ಎದ್ದು ಬಂದು ಬೈದು ಕಳಿಸುವಷ್ಟರಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿರುತ್ತಿತ್ತು.

ಆಮೇಲೆ ಅವನು ಕೈ ತೊಳೆಯಲು ಶುರುಮಾಡಿದ. ಮೊದಲು ದೋಸೆಗೊಮ್ಮೆ, ಆಮೇಲೆ ಸುಮ್ಮಸುಮ್ಮನೆ. ಪಾತ್ರೆ ತಿಕ್ಕುವ ಸೋಡಾ ಹಾಕಿ ತಿಕ್ಕಿ ತಿಕ್ಕಿ ಬೆರಳಿನ ಸಂದಿಯ ಚರ್ಮ ಎದ್ದುಹೋಯಿತು. ಕಾವಲಿಯ ಮುಂದೆ ಬೇರೆಯವರನ್ನು ನಿಲ್ಲಿಸಬೇಕಾಯಿತು. ಇವನು ಸ್ಟೋರ್ ರೂಮಿನಲ್ಲಿ ಅಕ್ಕಿ ಮೂಟೆಗಳ ಹಿಂದೆ ಕೂತುಬಿಟ್ಟ. ಯಾರ ಫೋನ್ ಸದ್ದು ಮಾಡಿದರೂ ತಲೆ ಬಗ್ಗಿಸುತ್ತಿದ್ದ.

ಹೋದ ವಾರ ಸ್ಟೇಷನ್ನಿನ ಸೇತುವೆ ಹತ್ತಿರ ಹೂ ಮಾರುವ ನಾಗವ್ವ ಅವನ ಕೈ ಹಿಡಿದುಕೊಂಡು ಸೀದಾ ನಮ್ಮ ಬಾಗಿಲಿಗೆ ಬಂದಳು. ಬೆಳಿಗ್ಗೆ ಹತ್ತು ಗಂಟೆ. ಅವಳ ಹೂವಿನ ಬುಟ್ಟಿ ಅಲ್ಲೇ ಬಿಟ್ಟು ಬಂದಿದ್ದಳು. ‘ಯಕ್ಕಾ, ಮೂರು ದಿನದಿಂದ ನೋಡಾಕತ್ತೀನಿ, ಈ ಯಜಮಾನ ಪ್ಲಾಟ್‌ಫಾರ್ಮಿನ್ಯಾಗ ಕುಂದರ್ತಾನ, ಒಂದ್ ಗಾಡೀನೂ ಹತ್ತಂಗಿಲ್ಲ. ಇವತ್ತ ಹಳದಿ ಪಟ್ಟಿ ದಾಟಿ ನಿಂತಿದ್ದ. ಫಾಸ್ಟ್ ಗಾಡಿ ಬರಾಕತ್ತಿತ್ತು. ಅಂಗಿ ಹಿಡದು ಜಗ್ಗೀನಿ. ಇನ್ನ ನೀವು ನೋಡ್ಕೋರಿ’ ಎಂದಳು. ಅಂಗಾರ ಚಪ್ಪಲಿ ಬಿಟ್ಟು, ಯಾರದೋ ಮನೆಗೆ ಬಂದವನ ಹಾಗೆ ಗೋಡೆಗೆ ಒರಗಿ ನಿಂತ. ಸುಮ್ಮನೆ ಗಾಡಿ ನೋಡುತ್ತಿದ್ದೆ ಅಮ್ಮಾ ಎಂದ.

ಅವತ್ತಿನಿಂದ ಅವನು ನಿನ್ನ ಕೋಣೆಯಲ್ಲಿದ್ದಾನೆ. ಅವನೊಬ್ಬನನ್ನೇ ಬಿಡುವುದಿಲ್ಲ. ಊರಿನಿಂದ ಅವನ ಅಕ್ಕನ ಮಗ ಸಂತು ಕರೆದುಕೊಂಡು ಹೋಗಲು ಬರುತ್ತಿದ್ದಾನೆ.

ಮರುದಿನವೇ ಆಸ್ಪತ್ರೆಗೆ ಹೋದೆವು. ಮನಸ್ಸಿನ ಡಾಕ್ಟರು ಮರಾಠಿಯವಳು, ನಿನ್ನಷ್ಟೇ ವಯಸ್ಸು ಎನ್ನಬೇಕು, ಕಣ್ಣಡಿಯಲ್ಲಿ ಕಪ್ಪು. ಅಂಗಾರನ ಹತ್ತಿರ ಮುಕ್ಕಾಲು ಗಂಟೆ ಮಾತಾಡಿದಳು, ಅವನ ಕೈ ತಿರುಗಿಸಿ ನೋಡಿದಳು, ಇದು ಖಿನ್ನತೆಯ ಕಾಯಿಲೆ, ಮಾತ್ರೆ ಬಿಡಬಾರದು, ಒಬ್ಬರು ಜೊತೆಗಿರಬೇಕು ಎಂದಳು. ಅವನ ಪರವಾಗಿ ನಾನು ಎಲ್ಲ ವಿವರಿಸುತ್ತಿದ್ದೆ. ಅಷ್ಟರಲ್ಲಿ ಅವಳು ನನ್ನ ಮಡಿಲ ಕಡೆ ನೋಡಿ, ‘ಆಣಿ ತುಮ್ಹಿ? ದಿವಸಾತೂನ್ ಕಿತಿ ವೇಳಾ ಫೋನ್ ಬಘತಾ?’ ಎಂದು ಕೇಳಿದಳು. ದಿನಕ್ಕೆ ಎಷ್ಟು ಸಲ ನೋಡುತ್ತೀರಿ ಎಂದು. ನಾನು ನಾಲ್ಕೈದು ಸಲ ಎಂದೆ. ಅವಳು ನಗಲಿಲ್ಲ. ನೀವು ಒಳಗೆ ಬಂದು ಕೂತ ಮೇಲೆಯೇ ಆರು ಸಲ ನೋಡಿದಿರಿ ಎಂದಳು. ನನಗೆ ನಾನು ನೋಡಿದ್ದೇ ಗೊತ್ತಿರಲಿಲ್ಲ ಹರಿಣಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಫೋನನ್ನು ಸೆರಗಿನ ಕೆಳಗೆ ತುರುಕಿದೆ. ಅವನಿಗೊಂದು ಚೀಟಿ ಬರೆದಳು, ನನಗೂ ಒಂದು ಬರೆದಳು. ವಾರಕ್ಕೊಮ್ಮೆ ಬರಬೇಕಂತೆ. ಆ ಎರಡನೆಯ ವಿಡಿಯೊವನ್ನು ಇವತ್ತೇ ಅಳಿಸಿಹಾಕಿ, ಅದು ಅಲ್ಲಿರುವವರೆಗೆ ಇವರು ಕಿವಿ ಹಿಡಿದುಕೊಂಡೇ ಇರುತ್ತಾರೆ ಎಂದೂ ಹೇಳಿದಳು.

ಮನೆಗೆ ಬಂದು ಅದನ್ನು ಅಳಿಸಿಬಿಟ್ಟೆ. ಅಂಗಾರನ ಎದುರು ಕೂತು, ಹೋಯಿತು ಅಂಗಾರ, ಇನ್ನು ಯಾರಿಗೂ ಅದು ಸಿಗುವುದಿಲ್ಲ ಎಂದು ಹೇಳಿದೆ. ಅವತ್ತು ಎಷ್ಟೋ ದಿನದ ಮೇಲೆ ಕುಚ್ಚಲಕ್ಕಿ ಗಂಜಿ ಒಂದು ಬಟ್ಟಲು ಪೂರ್ತಿ ಕುಡಿದ, ಉಪ್ಪಿನಕಾಯಿ ಉಂಟಾ ಎಂದು ಕೇಳಿದ. ಅಡುಗೆಮನೆಗೆ ಹೋಗಿ ನಾನು ಬಾಯಿಗೆ ಸೆರಗು ಹಿಡಿದು ಅತ್ತೆ.

ಈಗ ಒಳಗಿನಿಂದ ನಲ್ಲಿಯ ಸದ್ದು ಬರುತ್ತಿದೆ. ಎದ್ದು ಹೋಗಬೇಕು. ಮಿಕ್ಕದ್ದು ನಾಳೆ ಬೆಳಿಗ್ಗೆ ಬರೆಯುತ್ತೇನೆ. ಮಿಕ್ಕದ್ದೇ ದೊಡ್ಡದು.

ಬುಧವಾರ, ಬೆಳಿಗ್ಗೆ ಒಂಬತ್ತೂವರೆ

ಹರಿಣಿ, ದೇವಕ್ಕ ಬರಲು ಒಂದೂವರೆ ಗಂಟೆ ಇದೆ. ಸುತ್ತು ಬಳಸುವುದಿಲ್ಲ.

ನೀನು ಹೇಳಿದ್ದು ನಿಜ. ನಾನು ಹೇಳಿದ್ದು ಸುಳ್ಳು. ಆ ಕ್ಷಮೆಯ ಮಾತು ಅಂಗಾರನದ್ದಲ್ಲ, ನನ್ನದು. ಹಾಲಿನ ಬಿಲ್ಲಿನ ಹಿಂದೆ ನಾನು ಕೈಯಾರೆ ಬರೆದದ್ದು. ಹೊಟೇಲಿಗೆ ಗಿರಾಕಿ ಬರುವುದು ನಿಂತಿತ್ತು, ಅಪ್ಪ ಕೌಂಟರಿನಲ್ಲಿ ತಲೆಗೆ ಕೈಕೊಟ್ಟು ಕೂತಿದ್ದರು, ಅದೆಲ್ಲ ನಿಜವೇ. ಆದರೆ ನಾನು ಅದಕ್ಕಾಗಿ ಮಾಡಲಿಲ್ಲ. ಆ ಸಾವಿರ ಬೈಗುಳದಲ್ಲಿ ಅರ್ಧಕ್ಕರ್ಧ ನನಗೆ. ಗಲೀಜು ಆಂಟಿ, ಹಂದಿ ಆಂಟಿ ಎಂದೆಲ್ಲ. ನನ್ನ ಕೈಯಲ್ಲಿ ಜಾದೂ ಇದೆ ಎಂದಿದ್ದಳಲ್ಲ ನಾಗಪುರದವಳು, ಅವಳೂ ಒಂದು ವಾಂತಿಯ ಮುಖ ಹಾಕಿದಳು. ಅದನ್ನು ನೋಡಿದ ಮೇಲೆ ನನಗೆ ಬೇರೇನೂ ಕಾಣಿಸಲಿಲ್ಲ. ಈ ಕೊಳೆ ನನ್ನ ಮೇಲಿಂದ ಇಳಿದು ಬೇರೆ ಯಾರ ಮೇಲಾದರೂ ಬೀಳಲಿ ಎಂದು ಮಾತ್ರ ಅನ್ನಿಸಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಎಳೆದವಳು ನಾನು.

ಮಧ್ಯಾಹ್ನ ಹೊಟೇಲು ಖಾಲಿಯಿರುವ ಹೊತ್ತಿಗೆ ಹೋದೆ. ಅಪ್ಪ ಮಾರ್ಕೆಟ್ಟಿಗೆ ಹೋಗಿದ್ದರು. ಇದನ್ನು ಹೇಳು ಅಂಗಾರ, ಹೇಳಿದರೆ ಹೊಟೇಲು ಉಳಿಯುತ್ತದೆ ಎಂದೆ. ಅವನು ಚೀಟಿ ಓದಿದ, ನನ್ನ ಮುಖ ನೋಡಿದ. ‘ಗಲೀಜು ಅಂತ ಹೇಳ್ಬೇಕಾ ಅಮ್ಮ? ನಾನು ದಿನಾ ಕುದಿಸುವುದು ಅಲ್ವಾ?’ ಎಂದು ಕೇಳಿದ. ಹೇಳಬೇಕು ಎಂದೆ. ಏಳು ಸಲ ಹೇಳಿಸಿದೆ. ಮೂರನೇ ಸಲ ಅವನ ಹಿಂದಿ ತಪ್ಪಿತು, ನಾಲ್ಕನೇ ಸಲ ಹಿಂದಿನಿಂದ ಪಾತ್ರೆಯ ಸದ್ದು ಬಂತು. ಐದನೆಯದರಲ್ಲಿ ಎಲ್ಲ ಸರಿಯಿತ್ತು, ಆದರೆ ದುಃಖ ಕಡಿಮೆಯಾಯಿತು ಎಂದು ನನಗೆ ಅನ್ನಿಸಿತು. ಕಿವಿ ಹಿಡಿದುಕೊ ಎಂದು ನಾನೇ ಹೇಳಿದೆ. ಕಿವಿ ಹಿಡಿದದ್ದು ನೋಡಿದರೆ ಜನಕ್ಕೆ ಮನಸ್ಸು ಕರಗುತ್ತದೆ ಎಂದು ಇಷ್ಟು ದಿನ ಫೋನ್ ನೋಡಿ ನೋಡಿ ಕಲಿತಿದ್ದೆನಲ್ಲ.

ಇನ್ನೊಂದು ಮಾತಿದೆ. ಇದನ್ನು ಬರೆಯದಿದ್ದರೆ ಬರೆದದ್ದೆಲ್ಲ ವ್ಯರ್ಥ. ಅಂಗಾರ ಎಂಬ ಹೆಸರು ಕೇಳಿದರೆ ಅವನು ಯಾವ ಕೇರಿಯಿಂದ ಬಂದವನೆಂದು ನಮ್ಮ ಕಡೆಯವರಿಗೆ ಗೊತ್ತಾಗುತ್ತದೆ. ನಿನ್ನ ಅಜ್ಜ ಅವನನ್ನು ಕಾವಲಿಯ ಮುಂದೆ ನಿಲ್ಲಿಸಿದಾಗ ನೆಂಟರೆಲ್ಲ ಮುಖ ತಿರುಗಿಸಿದ್ದರಂತೆ. ಅಜ್ಜ ಅವರನ್ನು ಕೂರಿಸಿ ದೋಸೆ ಬಡಿಸಿದರಂತೆ, ತಿಂದು ಹೇಳಿ ಎಂದರಂತೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಆ ಕತೆಯನ್ನು ಹೆಮ್ಮೆಯಿಂದ ಎಲ್ಲರಿಗೂ ಹೇಳಿದವಳು. ಗಲೀಜು ಅವನದು ಎಂದರೆ ನಮ್ಮವರು ಎರಡನೆಯ ಪ್ರಶ್ನೆ ಕೇಳುವುದಿಲ್ಲ, ಹೌದಂತೆ ಎಂದು ತಲೆಯಾಡಿಸುತ್ತಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ಅವರೂ ಹಾಗೆಯೇ ತಲೆಯಾಡಿಸಿದರು. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಈಗ ನಿನ್ನ ಫೋನುಗಳ ವಿಷಯ. ನನ್ನನ್ನು ಬ್ಲಾಕ್ ಮಾಡಿದ ದಿನದಿಂದ ನೀನು ಅಂಗಾರನಿಗೆ ಹದಿನಾಲ್ಕು ಸಲ ಫೋನ್ ಮಾಡಿದ್ದೀಯ. ಅವನು ಒಮ್ಮೆಯೂ ಎತ್ತಲಿಲ್ಲ. ಅವನಿಗೂ ನಮ್ಮ ಮನೆಯ ಮೇಲೆ ಸಿಟ್ಟು ಬಂದಿರಬೇಕು ಎಂದು ನೀನು ತಿಳಿದುಕೊಂಡಿರಬೇಕು. ಅವನ ಫೋನ್ ಅವನ ಹತ್ತಿರ ಇರಲಿಲ್ಲ ಮಗಳೇ. ಅದು ನನ್ನ ಗೋದ್ರೆಜ್ ಕಪಾಟಿನಲ್ಲಿ, ನನ್ನ ಮದುವೆ ಸೀರೆಯ ಕೆಳಗಿತ್ತು. ಜನ ಫೋನ್ ಮಾಡಿ ಬೈಯುತ್ತಾರೆ, ಸ್ವಲ್ಪ ದಿನ ನನ್ನ ಹತ್ತಿರ ಇರಲಿ ಎಂದು ಹೇಳಿ ಇಸಿದುಕೊಂಡಿದ್ದೆ. ನಿಜವಾದ ಕಾರಣ ಅದಲ್ಲ. ನೀನು ಕೇಳಿದರೆ ಅವನು ಸುಳ್ಳು ಹೇಳುವವನಲ್ಲ. ಚೀಟಿಯ ವಿಷಯ ನಿನಗೆ ಗೊತ್ತಾಗಬಾರದಿತ್ತು, ಅಷ್ಟೇ. ನಿನ್ನ ಹೆಸರು ಅದರಲ್ಲಿ ಹೊಳೆದಾಗಲೆಲ್ಲ ಕಪಾಟಿನ ಬಾಗಿಲು ಹಾಕಿದೆ.

ಅವನು ದಿನಾ ಒಂದು ಸಲ ಕೇಳುತ್ತಿದ್ದ, ‘ಹರಿಣಿ ಫೋನ್ ಮಾಡಿತ್ತಾ ಅಮ್ಮ?’ ನಾನು ಇಲ್ಲ ಎನ್ನುತ್ತಿದ್ದೆ. ಪ್ಲಾಟ್‌ಫಾರ್ಮಿನಿಂದ ನಾಗವ್ವ ಎಳೆದುಕೊಂಡು ಬಂದ ದಿನವೂ ಕೇಳಿದ. ಆ ದಿನವೂ ಇಲ್ಲ ಎಂದೆ. ಆಮೇಲೆ ಅವನು ಕೇಳುವುದನ್ನು ಬಿಟ್ಟ.

ಇಷ್ಟು ಬರೆಯುವ ಧೈರ್ಯ ಎಲ್ಲಿಂದ ಬಂತೆಂದರೆ, ಇವತ್ತು ಬೆಳಿಗ್ಗೆ ಏಳಕ್ಕೆ ದೇವಕ್ಕನನ್ನು ಅಂಗಾರನ ಹತ್ತಿರ ಕೂರಿಸಿ, ಹೊಟೇಲಿಗೆ ಹೋಗಿ ಅಪ್ಪನಿಗೆ ಎಲ್ಲ ಹೇಳಿ ಬಂದೆ. ಗಲ್ಲಾದ ಪಕ್ಕ ನಿಂತೇ ಹೇಳಿದೆ. ಅವರು ಒಂದು ಗಿರಾಕಿಗೆ ಚಿಲ್ಲರೆ ಕೊಡುತ್ತಿದ್ದವರು ಹಾಗೆಯೇ ನಿಂತರು. ನನಗೆ ಬೈಯುತ್ತಾರೆ, ಕೈಯೆತ್ತಿದರೂ ಎತ್ತಲಿ ಎಂದುಕೊಂಡಿದ್ದೆ. ‘ಎಂತ ಮಾರಾಯ್ತಿ ನೀನು ಮಾಡಿದ್ದು’ ಎಂದರು, ಅಷ್ಟೇ. ಆ ಚಿಲ್ಲರೆಯನ್ನು ಗಿರಾಕಿಯ ಕೈಗಿಟ್ಟು, ‘ನಾನು ಅವನಿಗೆ ಬೈದಿದ್ದೆ ಅಲ್ವಾ, ನನ್ನ ಹತ್ತಿರ ಕೇಳದೆ ಯಾಕೆ ಹಾಗೆ ಹೇಳ್ಲಿಕ್ಕೆ ಹೋದೆ ಅಂತ. ಆಗಲೂ ಅವ ನಿನ್ನ ಹೆಸರು ಹೇಳ್ಲಿಲ್ಲ’ ಎಂದರು. ಅವರ ಕಣ್ಣು ತುಂಬಿತ್ತು. ನಿನ್ನ ಅಪ್ಪ ಅತ್ತದ್ದನ್ನು ನಾನು ನಿನ್ನ ಅಜ್ಜ ಹೋದ ದಿನ ಬಿಟ್ಟರೆ ನೋಡಿದವಳಲ್ಲ. ಆ ವಿಡಿಯೊ ಅಳಿಸಿದ್ದೀಯಲ್ಲ ಎಂದು ಕೇಳಿದರು. ಅಳಿಸಿದ್ದೇನೆ ಎಂದೆ.

ನಾಷ್ಟಾದ ರಶ್ಶಿನ ನಡುವೆಯೇ ಗಲ್ಲಾ ಬಿಟ್ಟು ನನ್ನ ಜೊತೆ ಮನೆಗೆ ಬಂದರು. ಅಂಗಾರನ ಮಂಚದ ಪಕ್ಕ ನೆಲದ ಮೇಲೆ ಕೂತರು. ಕ್ಷಮಿಸು ಎನ್ನಲು ಅವರಿಗೆ ಬರುವುದಿಲ್ಲ, ನಿನಗೆ ಗೊತ್ತಲ್ಲ. ಅವನ ಬೆರಳಿನ ಸಂದಿಗೆ ಮುಲಾಮು ಹಚ್ಚುತ್ತಾ ಕೂತರು. ಅಂಗಾರನೇ ಸಮಾಧಾನ ಹೇಳಿ, ‘ಇರ್ಲಿ ಧಣಿ, ಅಮ್ಮನಿಗೆ ಹೆದರಿಕೆ ಆಗಿತ್ತು’ ಎಂದ. ಇದಕ್ಕಿಂತ ಅವನು ನನಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು. ಅಪ್ಪ, ಹೋಗುವುದು ಬೇಡ, ಟಿಕೆಟ್ ಕ್ಯಾನ್ಸಲ್ ಮಾಡುವ ಎಂದರು. ಅವನು ತಲೆ ಅಲ್ಲಾಡಿಸಿದ. ‘ಇಲ್ಲ ಧಣಿ. ಕಾವಲಿ ಮುಂದೆ ನಿಂತ್ರೆ ಕೈ ತಾನೇ ಕಿವಿಗೆ ಹೋಗ್ತದೆ’ ಎಂದ.

ಆಗಲೇ ನಾನು ಕಪಾಟಿನಿಂದ ಫೋನ್ ತಂದು ಅವನ ಕೈಗೆ ಕೊಟ್ಟೆ. ನಿನ್ನ ಹದಿನಾಲ್ಕು ಕರೆ ತೋರಿಸಿದೆ. ಅವನು ಅದನ್ನು ಹಿಡಿದುಕೊಳ್ಳಲೇ ಇಲ್ಲ. ಬಿಸಿ ಕೆಂಡ ಇಟ್ಟ ಹಾಗೆ ಹಾಸಿಗೆಯ ಮೇಲೆ ಬೀಳಿಸಿ ಕೈ ಹಿಂದಕ್ಕೆ ತೆಗೆದುಕೊಂಡ. ನಾನು ಬಾಯಿಂದ ಹೇಳಿದೆ, ಅವಳು ಮಾಡಿದ್ದಳು ಅಂಗಾರ, ನಾನೇ ಸುಳ್ಳು ಹೇಳಿದ್ದು ಎಂದು. ಅವನು ಗೋಡೆ ಕಡೆ ತಿರುಗಿ ಮಲಗಿದ. ನನ್ನ ಮಾತನ್ನು ಅವನು ಇನ್ನು ಯಾಕೆ ನಂಬಬೇಕು? ನಂಬುವಂಥದ್ದು ನಾನು ಏನು ಮಾಡಿದ್ದೇನೆ?

ಅದಕ್ಕೆ ನೀನೇ ಬರಬೇಕು. ಫೋನ್ ಮಾಡಿದರೆ ಅವನು ಎತ್ತುವುದಿಲ್ಲ. ಕುರ್ಲಾ ಟರ್ಮಿನಸ್ ನಿನ್ನ ಪೀಜಿಯಿಂದ ರಿಕ್ಷಾದಲ್ಲಿ ಇಪ್ಪತ್ತು ನಿಮಿಷ. ಶುಕ್ರವಾರ ಎರಡು ಗಂಟೆಗೆ ನಾವು ಅಲ್ಲಿರುತ್ತೇವೆ. ಗಾಡಿ ಮೂರೂ ಚಿಲ್ಲರೆಗೆ. ಆಫೀಸಿನಲ್ಲಿ ಅರ್ಧ ದಿನ ರಜೆ ಕೇಳು, ಕೊಡದಿದ್ದರೆ ಅಮ್ಮನಿಗೆ ಹುಷಾರಿಲ್ಲ ಎನ್ನು, ಅದು ಸುಳ್ಳೇನಲ್ಲ. ನನ್ನ ಹತ್ತಿರ ಮಾತಾಡಬೇಡ. ನನ್ನ ಕಡೆ ನೋಡಲೂ ಬೇಡ. ಅವನ ಪಕ್ಕ ಹೋಗಿ ಕೂತುಕೊ. ನಿನ್ನ ಮುಖದಲ್ಲಿ ನಾಚಿಕೆ ಇಲ್ಲ ಎಂಬುದನ್ನು ಅವನು ತನ್ನ ಕಣ್ಣಾರೆ ನೋಡಿ ಗಾಡಿ ಹತ್ತಲಿ.

ನನ್ನ ಮೇಲಿನ ಸಿಟ್ಟು ಇಟ್ಟುಕೊ. ಅದು ನ್ಯಾಯವಾದ ಸಿಟ್ಟು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನೇ ನಿನಗೆ ಸಾವಿರ ಸಲ ಹೇಳಿದ್ದೇನೆ, ಈಗ ನನ್ನ ಎಲೆಗೆ ಬಡಿಸಿದೆ, ಉಣ್ಣುತ್ತೇನೆ. ಡಾಕ್ಟರ ಹತ್ತಿರ ವಾರಕ್ಕೊಮ್ಮೆ ಹೋಗುತ್ತೇನೆ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಬೇಡ, ಈ ಒಂದು ಮಾತನ್ನಾದರೂ ನನ್ನನ್ನು ನೋಡಿ ಕಲಿ.

ದೇವಕ್ಕ ಕೆಳಗಿನಿಂದ ಕೂಗುತ್ತಿದ್ದಾರೆ. ಮುಗಿಸುತ್ತೇನೆ.

ಬರುತ್ತೀಯೆಂದು ನಂಬಿರುವ,
ನಿನ್ನ ಅಮ್ಮ
ಮೋಹಿನಿ

ಮರೆತದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಕವರಿಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ, ದೇವಕ್ಕ ಬಾಗಿಲಲ್ಲಿ ನಿಂತು ಬೈಯುತ್ತಿದ್ದಾರೆ. ಆ ಎರಡನೆಯ ವಿಡಿಯೊ ನಾನು ಅಳಿಸಿಲ್ಲ. ಅಳಿಸಿದೆ ಎಂದು ಅಂಗಾರನಿಗೆ ಹೇಳಿದೆ, ಅಪ್ಪನಿಗೆ ಹೇಳಿದೆ, ನಿನಗೆ ಬರೆದೆ. ಅಂಗಾರ ಗಂಜಿ ಕುಡಿದದ್ದು ಆ ಮಾತನ್ನು ನಂಬಿ. ಅದರ ಕೆಳಗೆ ನನ್ನನ್ನು ಹೊಗಳಿ ಬರೆಯುತ್ತಾರೆ ಹರಿಣಿ. ತಪ್ಪು ಮಾಡಿದವನನ್ನು ಮುಂದೆ ನಿಲ್ಲಿಸಿದ ಧೈರ್ಯದ ಆಂಟಿ, ಸ್ವಚ್ಛತೆಯ ಆಂಟಿ ಎಂದು ಇವತ್ತು ಬೆಳಿಗ್ಗೆಯೂ ಮೂವರು ಬರೆದಿದ್ದಾರೆ. ನಾಗಪುರದವಳೂ ವಾಪಸ್ ಬಂದಿದ್ದಾಳೆ. ಅಳಿಸುವ ಗುಂಡಿಯ ಮೇಲೆ ನಿನ್ನೆಯಿಂದ ಹನ್ನೊಂದು ಸಲ ಬೆರಳಿಟ್ಟೆ. ಒತ್ತಲು ಆಗಲಿಲ್ಲ. ರೈಲಿನಲ್ಲಿ ಎದುರು ಸೀಟಿನವರು ಯಾರಾದರೂ ಅವನನ್ನು ಗುರುತಿಸಿ ಅದನ್ನು ತೋರಿಸಿಬಿಟ್ಟರೆ? ಪಾಸ್‌ವರ್ಡ್ ನೀನು ಹಾಕಿಕೊಟ್ಟದ್ದೇ, ಬದಲಿಸಿಲ್ಲ. ಇದನ್ನು ಓದಿದ ಕೂಡಲೇ ನನ್ನನ್ನು ಕೇಳದೆ ಒತ್ತಿಬಿಡು. ಶುಕ್ರವಾರ ಅವನ ಕಿವಿಯಲ್ಲಿ ಹೇಳು, ಹೋಯಿತು ಎಂದು. ನಾನು ಆಗಲೇ ಹೇಳಿಯಾಗಿದೆ. ನೀನು ಹೇಳುವಾಗಲಾದರೂ ಅದು ನಿಜವಾಗಿರಲಿ.